ಒಂದು ಸಲವೋ ಎರಡು ಸಲವೋ

ನಮ್ಮತ್ತೆಯ ಎಡಗೆನ್ನೆಯ ತುಂಬ ಸಾಸಿವೆ ಎರಚಿದಂತೆ ಕಪ್ಪು ಚುಕ್ಕಿಗಳಿದ್ದವು. ಚರ್ಮದ ಮೇಲಲ್ಲ, ಒಳಗೆ. ಬಸರಾಳಿನಿಂದ ಆತಗೂರಿನ ಕಡೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ಹಚ್ಚೆ ಅಂದುಕೊಂಡಿದ್ದೆ. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ, ಕೇಳಿಯೂಬಿಟ್ಟೆ. "ಅಚ್ಚೆ ಅಲ್ಲ ಕಣಮ್ಮ, ಮದ್ದು. ನಿಮ್ಮ ಮಾವ ಕೊಟ್ಟೋದದ್ದು" ಅಂದರು. ನಗುತ್ತಾರೇನೋ ಅಂತ ನೋಡಿದೆ, ನಗಲಿಲ್ಲ.

ಹಂದಿ ಕಾಟಕ್ಕೆ ಅಂತ ಆ ಮನೆಯಲ್ಲಿ ಲೈಸೆನ್ಸಿನ ಕೋವಿ ಒಂದಿತ್ತು. ತೋಟಾ ಹಾಕುವಂಥದ್ದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜ ಅನ್ನುವ ಉದ್ದನೆಯ ಸರಳಿನಲ್ಲಿ ಗಿಡಿದು, ಹಿಂದುಗಡೆ ಕಿಡಿ ಕೊಡುವ ಕೇಪು ಕೂರಿಸಿ ಹೊಡೆಯುವ ಹಳೇ ಕಾಲದ್ದು. ಮಾವ ಒಂದು ಸಂಜೆ ಜಗಲಿ ಮೇಲೆ ಕೂತು ಮದ್ದು ತುಂಬುವಾಗ ದಾರಿಯಲ್ಲಿ ಹೋಗುವವರು ಯಾರೋ "ಊಟ ಆಯ್ತಾ ಗೌಡ್ರೇ" ಅಂದರಂತೆ. ನಮ್ಮ ಕಡೆ ಊಟ ಆಯ್ತಾ ಅಂದವರಿಗೆ ಉತ್ತರ ಕೊಡದೆ ಇರುವುದುಂಟೇ. ಆಯ್ತು ಬನ್ನಿ ಅಂದರು, ಕಬ್ಬು ಕಟಾವಿನ ಮಾತು ಬಂತು, ಅವರು ಹೋದರು. ಮಾವ ಆಗಲೇ ತುಂಬಿದ್ದು ಮರೆತು ಇನ್ನೊಂದು ಸಲ ತುಂಬಿದರು. ಗದ್ದೆಬದಿಯಲ್ಲಿ ಹೊಡೆದಾಗ ನಳಿಗೆಯೇ ಸಿಡಿಯಿತು. ಎಡಗೈ ಮಣಿಕಟ್ಟಿನವರೆಗೆ ಹೋಯಿತು, ಒಂದು ಕಣ್ಣೂ ಹೋಯಿತು. ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತಿದ್ದವರು ಅತ್ತೆ.

ಮಾವ ಹಾಗೇ ಬಹಳ ವರ್ಷ ಬದುಕಿ ತೀರಿಕೊಂಡ ಮೇಲೆ ಲೈಸೆನ್ಸು ಅತ್ತೆಯ ಹೆಸರಿಗೆ ಬಂತು, ಬೇರೆ ಕೋವಿಯೂ ಬಂತು. ಮಾರಿಬಿಡಬಾರದಿತ್ತೇ ಅಂದರೆ, ಹಂದಿಗೆ ಅದೆಲ್ಲ ಗೊತ್ತಾಗುತ್ತಾ ಅನ್ನುತ್ತಿದ್ದರು. ಅವರು ಹೊಡೆಯುತ್ತಿದ್ದದ್ದು ಸದ್ದಿಗೆ ಮಾತ್ರ, ಆಕಾಶದ ಕಡೆಗೆ. ಆದರೆ ತುಂಬುವ ಹೊತ್ತಿಗೆ ಮನೆಯೇ ಜೈಲು. ಒಲೆ ಆರಬೇಕು. ಫೋನುಗಳೆಲ್ಲ ಅಕ್ಕಿ ಡಬ್ಬದೊಳಕ್ಕೆ. ಕೋಣೆಯ ಬಾಗಿಲಿಗೆ ಚಿಲಕ. "ನೀನು ಆಚೆ ಇದ್ರೆ ಓಗೋ ಬರೋರ್ನೆಲ್ಲ ಮಾತಾಡಿಸ್ತೀಯ, ಆ ಮೂಲೇಲಿ ಕೂತ್ಕೊ" ಅಂತ ನನ್ನನ್ನೂ ಒಳಗೇ ಹಾಕಿಕೊಳ್ಳುತ್ತಿದ್ದರು. ಕಿಟಕಿ ಕೂಡ ಮುಚ್ಚಿರುತ್ತಿತ್ತು. ಬೆವರು ಸುರಿಸಿಕೊಂಡು, ತುಟಿ ಕಚ್ಚಿಕೊಂಡು, ಇವರ ಕೈಯಿಂದ ಯಾವಾಗ ಬಿಡುಗಡೆಯಪ್ಪಾ ಅಂತ ನಾನು ಗೋಡೆ ನೋಡುತ್ತಾ ಕೂರಬೇಕು. ಹೊರಗೆ ಯಾರು ಕೂಗಿದರೂ ಉತ್ತರವಿಲ್ಲ. ಊರಲ್ಲಿ ಅತ್ತೆಗೆ ಭಾರೀ ದುರಹಂಕಾರಿ ಅಂತ ಹೆಸರು ಬಿದ್ದಿತ್ತು, ಅದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಕೇಪುಗಳನ್ನು ಸೊಂಟದಲ್ಲಿ ಸೀರೆಯ ಗಂಟಿಗೆ ಕಟ್ಟಿಕೊಂಡಿರುತ್ತಿದ್ದರು. ಮಗನ ಕೈಗೆ ಕೂಡ ಕೊಟ್ಟವರಲ್ಲ. "ಗೊತ್ತಿಲ್ಲ ಅಂದ್ರೆ ತುಂಬೈತೆ ಅಂತ್ಲೇ ಲೆಕ್ಕ" ಅನ್ನುವುದು ಅವರ ಮಾತು. ಅದನ್ನು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಅಂಥ ಅತ್ತೆ ಒಂದು ಸಲ, ಒಂದೇ ಒಂದು ಸಲ, ಹೊರಗಿನ ಕೂಗಿಗೆ ಓಗೊಟ್ಟರು. ಮಳವಳ್ಳಿಯಲ್ಲಿದ್ದ ಅವರ ಅಣ್ಣ ಯಾವುದೋ ಜಗಳದಲ್ಲಿ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವತ್ತು ಸಂಜೆ ಅವರು ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತು "ಏನವ್ವಾ, ಚೆಂದಾಗಿದೀಯಾ?" ಅಂದರು. ಅತ್ತೆಯ ಕೈಯಲ್ಲಿದ್ದ ಗಜ ನಿಂತುಹೋಯಿತು. ಕೋವಿಯನ್ನು ಗೋಡೆಗೆ ಒರಗಿಸಿ, ಚಿಲಕ ತೆಗೆದು ಓಡಿದರು. ಅಣ್ಣ ಕಾಫಿ ಕುಡಿದು, ಇಬ್ಬರೂ ಅತ್ತು, ಕಡೇ ಬಸ್ಸಿಗೆ ಅವರು ಹೊರಟ ಮೇಲೆ ಕೋಣೆಗೆ ಬಂದು ಕೋವಿಯ ಮುಂದೆ ನಿಂತರು. ನಿಂತೇ ಇದ್ದರು.

"ಒಂದು ಸಲ ಸುರಿದಿದ್ನಾ, ಎರಡು ಸಲವಾ? ನೀನು ನೋಡಿದ್ಯಾ?" ಅಂತ ನನ್ನನ್ನು ಕೇಳಿದರು. ನಾನು ಗೋಡೆ ನೋಡುತ್ತಿದ್ದೆ, ನನಗೇನು ಗೊತ್ತು. ನಳಿಗೆಯ ಬಾಯಿಗೆ ಕೆಂಪು ಬಟ್ಟೆ ಕಟ್ಟಿ ಮೂಲೆಗೆ ನಿಲ್ಲಿಸಿದರು. ನಾಳೆ ಮಂಡ್ಯಕ್ಕೆ ಹೋಗಿ, ಕೋವಿ ರಿಪೇರಿಯವನನ್ನು ಕಂಡು ಏನು ಮಾಡಬೇಕು ಅಂತ ಕೇಳಿಕೊಂಡು ಬರುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಅಂದರು.

ಬೆಳಕು ಹರಿಯುವ ಹೊತ್ತಿಗೆ ಕೊಟ್ಟಿಗೆಗೆ ಚಿರತೆ ನುಗ್ಗಿತು. ನಮ್ಮದು ತೋಟದ ಮನೆ. ಇರುವುದು ಒಂದೇ ಬಾಗಿಲು, ಅದು ತೆರೆಯುವುದು ಕೊಟ್ಟಿಗೆಯ ಮುಂದಕ್ಕೇ. ಮನೆಗೂ ಕೊಟ್ಟಿಗೆಗೂ ಮಧ್ಯೆ ಹಲಗೆಯ ಅಡ್ಡಗೋಡೆ. ಕೊಟ್ಟಿಗೆಯಲ್ಲಿ ಇದ್ದದ್ದು ತಾಯಿ ಸತ್ತ ಕಡಸು, ಇನ್ನೂ ಗಬ್ಬ ಕಟ್ಟದ ಎಳೇ ಹಸ. ಅತ್ತೆ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದರು. ನನ್ನ ಗಂಡನಿಗಿಂತ ಅದರ ಮೇಲೇ ಅವರಿಗೆ ಪ್ರೀತಿ ಹೆಚ್ಚು ಅಂತ ನಾನು ರೇಗಿಸುತ್ತಿದ್ದೆ.

ತಟ್ಟೆ ಬಡಿದೆವು, ಕೂಗಿದೆವು, ಊರಿಗೆ ಫೋನು ಮಾಡಿದೆವು. ಜನ ಬರುತ್ತೇವೆ ಅಂದರು, ಬರಬೇಕಲ್ಲ. ಚಿರತೆ ಜಗ್ಗಲಿಲ್ಲ. ಯಜಮಾನರು ಮೂಲೆಯ ಕೋವಿ ಎತ್ತಿಕೊಂಡರು.

"ಅವ್ವಾ, ಕೇಪ್ ಕೊಡು. ಕಿಟಕಿಯಿಂದ ಹೊಡೀತೀನಿ."

"ಬುಡ್ಲಾ ಅದ. ಎಷ್ಟು ತುಂಬಿದೀನಿ ಗೊತ್ತಿಲ್ಲ."

"ಒಂದೇ ಇರ್ತದೆ. ನೀನು ಯಾವತ್ತು ಮರ್ತಿದ್ದೀಯ?"

"ಇದ್ರೂ ಇರ್ಬೋದು. ಗೊತ್ತಿಲ್ಲ."

"ನಿನ್ನ ಕಡಸು ಕಣವ್ವ ಅಲ್ಲಿರೋದು!" ಯಜಮಾನರ ಕೈ ಅತ್ತೆಯ ಸೊಂಟದ ಗಂಟಿನ ಕಡೆಗೇ ಹೋಯಿತು. ಹೆತ್ತ ತಾಯಿಯ ಸೊಂಟಕ್ಕೆ ಕೈ ಹಾಕುವ ಮನುಷ್ಯನಲ್ಲ ಅವರು, ಆದರೆ ಆ ಹೊತ್ತಿನಲ್ಲಿ ಯಾರು ಏನು ಮಾಡುತ್ತಾರೋ ಹೇಗೆ ಹೇಳುವುದು. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದು, ಕುಡಿಯುವ ನೀರಿನ ಚೊಂಬು ಎತ್ತಿಕೊಂಡು, ನಳಿಗೆಯ ಬಾಯಿನ ಕೆಂಪು ಬಟ್ಟೆ ಕಿತ್ತು, ಮಗನ ಕೈಯಲ್ಲಿದ್ದ ಕೋವಿಯ ನಳಿಗೆಗೆ ನೀರು ಸುರಿದುಬಿಟ್ಟರು. ಇನ್ನು ಅದು ಕೋವಿಯಲ್ಲ, ಒಂದು ದೊಣ್ಣೆ.

ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಬಾಗಿಲು ತೆರೆಯುವಂತಿಲ್ಲ, ಒಳಗೆ ಕೂರುವಂತಿಲ್ಲ. ಹಲಗೆಯ ಆಚೆಗೆ ಕಡಸು ಒದರುವುದು, ಗೂಟ ಎಳೆಯುವುದು, ಕಾಲು ಬಡಿಯುವುದು ಎಲ್ಲ ಕೇಳುತ್ತಿತ್ತು. ನಾನು ಕಿವಿ ಮುಚ್ಚಿಕೊಂಡೆ. ಅತ್ತೆ ಮುಚ್ಚಿಕೊಳ್ಳಲಿಲ್ಲ. ಹಲಗೆಗೆ ಅಂಗೈ ಒತ್ತಿ ನಿಂತು, ಸದ್ದು ನಿಲ್ಲುವವರೆಗೂ ಅದರ ಜೊತೆ ಮಾತಾಡುತ್ತಿದ್ದರು. "ಇಲ್ಲೇ ಇವ್ನಿ ಕಣವ್ವ, ಇಲ್ಲೇ ಇವ್ನಿ." ಊರಿನವರು ಟ್ರ್ಯಾಕ್ಟರಿನಲ್ಲಿ ಬರುವ ಹೊತ್ತಿಗೆ ಚಿರತೆ ಹೋಗಿತ್ತು.

ಕೋವಿ ಇಟ್ಟುಕೊಂಡು ಕಡಸು ಬಲಿಕೊಟ್ಟ ಹೆಂಗಸು ಅಂತ ಊರೆಲ್ಲ ಆಡಿಕೊಂಡಿತು. ಯಜಮಾನರು ಅವ್ವನ ಜೊತೆ ಮಾತು ಬಿಟ್ಟರು. ಒಂದೇ ಮನೆಯಲ್ಲಿ ಇಬ್ಬರ ನಡುವೆ ಸಿಕ್ಕಿಕೊಂಡು, ಇವರ ಮಾತು ಅವರಿಗೆ ಅವರ ಮಾತು ಇವರಿಗೆ ದಾಟಿಸುತ್ತಾ ನನಗೆ ಸಾಕುಸಾಕಾಯಿತು. ಮಂಡ್ಯಕ್ಕೆ ಅತ್ತೆಯ ಜೊತೆ ಹೋದವಳೂ ನಾನೇ. ರಿಪೇರಿಯವನು ಹೇಳಿಕೊಟ್ಟಂತೆ ಮಾಡಿ ಕೋವಿಯನ್ನು ತಲುಪಿಸಿದ್ದೆವು. ಅವನು ಒಳಗಿದ್ದದ್ದನ್ನೆಲ್ಲ ತೆಗೆದು ಕಾಗದದ ಮೇಲೆ ಸುರಿದ. ಒದ್ದೆ ಕಪ್ಪು ಮುದ್ದೆ.

"ಒಂದೇ ಸಲದ್ದು ಕಣಮ್ಮ ಇದು" ಅಂದ.

ನನಗೆ ಅತ್ತೆಯ ಮುಖ ನೋಡುವ ಧೈರ್ಯ ಬರಲಿಲ್ಲ. ಅವರು ಆ ಮುದ್ದೆಯನ್ನೇ ನೋಡಿ, ಸರಿ ಅಂದು ಎದ್ದರು. ಬಸ್ಸು ಮದ್ದೂರು ದಾಟಿತು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು, ಮುಂದಿನ ಸೀಟಿನವರೆಲ್ಲ ತಿರುಗಿ ನೋಡುವಂತೆ ಅತ್ತರು. "ಒಂದೇ ಇತ್ತಂತಲ್ಲವ್ವಾ. ನನ್ನ ಕಡಸು ಬದುಕ್ತಿತ್ತು." ನಾನು ಅವರ ಕೈ ಹಿಡಿದುಕೊಂಡೆ. ಮನೆಗೆ ಹೋಗಿ ಇದನ್ನು ಮುಚ್ಚಿಡೋಣ, ಎರಡಿತ್ತು ಅಂತ ಹೇಳೋಣ ಅಂದೆ. ಅತ್ತೆ ಕಣ್ಣೊರೆಸಿಕೊಂಡು ನನ್ನನ್ನು ದುರುಗುಟ್ಟಿ ನೋಡಿದರು.

"ಯಾಕೆ ಸುಳ್ಳು ಏಳ್ಬೇಕು? ಒಂದೇ ಅಂತ ಈಗ ಗೊತ್ತಾಯ್ತು. ಅವತ್ತು ಗೊತ್ತಿತ್ತಾ? ನಾಳೆ ಹಂಗೇ ಆದ್ರೂ ಹಂಗೇ ಮಾಡ್ತೀನಿ."

ಮನೆಗೆ ಬಂದವರೇ ಮಗನ ಎದುರಿಗೆ ನಿಂತು ಒಂದೇ ಇತ್ತು ಅಂತ ಹೇಳಿದರು. ಯಜಮಾನರು ಎದ್ದು ಹೊರಗೆ ಹೋದರು. ಅವರು ಮತ್ತೆ ಅವ್ವಾ ಅಂತ ಕರೆದದ್ದು ಮುಂದಿನ ಸಂಕ್ರಾಂತಿಗೆ.

ಅತ್ತೆ ಹೋದ ವರ್ಷ ತೀರಿಕೊಂಡರು. ನರಳಲಿಲ್ಲ, ಬೆಳಗಿನ ಕಾಫಿ ಕುಡಿದು ಮಲಗಿದವರು ಏಳಲಿಲ್ಲ. ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ಬಂದೆವು. ಈಗ ಮನೆಯಲ್ಲಿ ನಾನು ಎಷ್ಟು ಬೇಕಾದರೂ ಮಾತಾಡಬಹುದು, ಬೇಡ ಅನ್ನುವವರಿಲ್ಲ. ಒಮ್ಮೊಮ್ಮೆ ಮಾತೇ ಬೇಡ ಅನ್ನಿಸುತ್ತದೆ.

ಯಜಮಾನರು ಮಾತ್ರ ಇವತ್ತಿಗೂ ಯಾರಾದರೂ ಚಿರತೆಯ ಸುದ್ದಿ ಎತ್ತಿದರೆ ಸಾಕು, ಶುರು ಮಾಡುತ್ತಾರೆ. "ಒಂದೇ ಸಲದ ಮದ್ದಿತ್ತು ಕಣ್ರೀ. ನಮ್ಮವ್ವ ಕೇಪ್ ಕೊಟ್ಟಿದ್ರೆ ಒಂದೇ ಸದ್ದಿಗೆ ಓಡಿಸ್ತಿದ್ದೆ." ಹೇಳುತ್ತಾ ಎಡಗೈಯನ್ನು ಮುಂದಕ್ಕೆ ಚಾಚಿ, ಇಲ್ಲದ ಕೋವಿಯ ನಳಿಗೆ ಹಿಡಿದು ತೋರಿಸುತ್ತಾರೆ. ನಾನು ಎದುರಾಡುವುದಿಲ್ಲ. ಐದೂ ಬೆರಳು ಮಡಚಿ ಗಟ್ಟಿಯಾಗಿ ಹಿಡಿದಿರುವ ಆ ಕೈಯನ್ನು ನೋಡುತ್ತಾ ನಿಂತಿರುತ್ತೇನೆ.