ನೀರುಗಂಟಿ ಮಾವ ನುಂಗಿದ ಇಸಬ್ಗೋಲ್ ಉಂಡೆ

ನಮ್ಮ ಮಾವ ಹುಚ್ಚೀರಯ್ಯನವರು ಬೆಳಕವಾಡಿಯಲ್ಲಿ ನೀರುಗಂಟಿಯಾಗಿದ್ದವರು. ನಾಲೆ ನೀರನ್ನು ಇವತ್ತು ಯಾರ ಗದ್ದೆಗೆ, ನಾಳೆ ಯಾರ ಗದ್ದೆಗೆ ಎಂದು ನೋಡಿ ಬಿಡುವ ಕೆಲಸ. ತೂಬಿನ ಹತ್ತಿರ ಗುದ್ದಲಿ ಹಿಡಿದು ಸುಮ್ಮನೆ ನಿಂತವನೂ ಅವರ ಕಣ್ಣಿಗೆ ಕಳ್ಳನೇ. ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ಅನುಮಾನ ಮಾತ್ರ ಬಿಡಲಿಲ್ಲ. ನಮ್ಮದೇ ಹಸುವಿನ ಹಾಲನ್ನು ನಮ್ಮ ಮನೆಯಲ್ಲೇ ಬೆರಳಿಗೆ ಹಚ್ಚಿ, ನೀರು ಬೆರೆತಿದೆಯಾ ಎಂದು ನೋಡುವ ಮನುಷ್ಯ. ಇಂಥವರಿಗೆ ಔಷಧಿ ಕುಡಿಸುವ ಪಾಡು ಸೊಸೆಯಾದ ನನ್ನ ಪಾಲಿಗೆ ಬಂತು.

ಊರಿಗೆಲ್ಲ ನೀರು ಹಂಚಿದವರು ತಾವು ಕುಡಿಯುತ್ತಿರಲಿಲ್ಲ. ಮಂಡಿನೋವು. ಕುಡಿದರೆ ಮತ್ತೆ ಮತ್ತೆ ಹಿತ್ತಲಿಗೆ ಏಳಬೇಕಲ್ಲ ಎಂಬ ಸಂಕಟ. ಹೊಟ್ಟೆ ಕಲ್ಲಾಯಿತು. ಬೆಳಿಗ್ಗೆ ಕಕ್ಕಸಿಗೆ ಹೋದರೆ ಬೆವತು ಈಚೆ ಬರುತ್ತಿದ್ದರು. ಕೊನೆಗೆ ಮಳವಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಇಸಬ್ಗೋಲ್ ಬರೆದರು.

"ಇದು ಒಂದು ಬೀಜದ ಸಿಪ್ಪೆ ಅಜ್ಜ, ಬರೀ ನಾರು. ನೀರು ಹೀರಿ ಉಬ್ಬುತ್ತೆ, ಮಲ ಮೆತ್ತಗಾಗುತ್ತೆ. ಕೊಲೆಸ್ಟ್ರಾಲಿಗೂ ಸ್ವಲ್ಪ ಒಳ್ಳೇದು. ಆದ್ರೆ ದೊಡ್ಡ ಲೋಟದ ತುಂಬ ನೀರಲ್ಲಿ ಕಲಸಿ ತಕ್ಷಣ ಕುಡೀಬೇಕು. ಬಿಪಿ ಮಾತ್ರೆ ಜೊತೆ ಬೇಡ, ಬೇರೆ ಹೊತ್ತಲ್ಲಿ ತಗೊಳ್ಳಿ."

ಮಾವ ತಲೆಯಾಡಿಸಿದರು. ಮನೆಗೆ ಬಂದು ನಾನು ಕಲಸಿ ಕೊಟ್ಟರೆ ಕುಡಿಯದೆ ಲೋಟವನ್ನು ಕಿಟಕಿಯ ಮೇಲಿಟ್ಟು ಕಾದರು. ಅದು ಗಟ್ಟಿಯಾಗದೆ ಇನ್ನೇನಾದೀತು?

"ನೋಡವ್ವ, ಗೋಂದು! ಎಸ್ರಲ್ಲೇ ಗೋಲ್‌ಮಾಲ್ ಮಡಗವ್ರೆ," ಎಂದು ಲೋಟ ಬೋರಲು ಹಾಕಿ ತೋರಿಸಿದರು.

"ಮಾವ, ನೀರು ಕುಡೀರಿ ಅಂತ ತಾನೆ ಡಾಕ್ಟ್ರು ಯೋಳಿದ್ದು?"

"ನೀನೂ ಡಾಕ್ಟ್ರೂ ಒಂದೇ ಕಣವ್ವ."

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆ ಪಟ್ಟಲಮ್ಮನ ಜಗಲಿಯಲ್ಲಿ ಕೂತು, ಸೊಸೆ ಕರುಳಿಗೆ ಗೋಂದು ಹಾಕುತ್ತಿದ್ದಾಳೆ ಎಂದು ಹೇಳಿಬಂದರು. ಮಾರನೆಯ ದಿನ ಡೈರಿ ಮುಂದೆ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಮದುವೆಯಾಗಿ ಬಂದಾಗಿನಿಂದ ಮಾವನಿಗೆ ಮುದ್ದೆ ಕಟ್ಟಿ ಹಾಕಿದ ಕೈ ಇದು.

ಮಾವನ ಹೊಟ್ಟೆಯ ಬಾಧೆ ಅನುಮಾನವನ್ನು ಕೇಳುತ್ತದೆಯೇ? ಒಂದು ಸಂಜೆ ನಮ್ಮನೆಯವರು ಕೊಪ್ಪಕ್ಕೆ ಹೋಗಿದ್ದರು, ನಾನು ಕೊಟ್ಟಿಗೆಯಲ್ಲಿದ್ದೆ. ನನ್ನ ಕೈ ಸೋಕದಂತೆ ತಾವೇ ತಿನ್ನೋಣವೆಂದು ಮಾವ ಪೊಟ್ಟಣ ಬಿಚ್ಚಿ, ಅಂಗೈಗೆ ಸುರಿದುಕೊಂಡು, ಒಂದಿಷ್ಟು ಸಾರು ಚಿಮುಕಿಸಿ ಉಂಡೆ ಕಟ್ಟಿದರು. ಮುದ್ದೆಯನ್ನು ಅಗಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಮುರಿದು, ಸಾರಲ್ಲಿ ಅದ್ದಿ, ನುಂಗುವುದು. ಇದನ್ನೂ ಹಾಗೇ ನುಂಗಿದರು.

ಗೊರಗೊರ ಸದ್ದು ಕೇಳಿ ಒಳಗೆ ಓಡಿದೆ. ಗಂಟಲು ಹಿಡಿದುಕೊಂಡು ಕಣ್ಣು ಮೇಲೆ ಮಾಡಿದ್ದರು. ಬಗ್ಗಿಸಿ ಬೆನ್ನಿಗೆ ಗುದ್ದುತ್ತಾ ಕೂಗಿಕೊಂಡೆ. ಪಟ್ಟಲಮ್ಮನ ಹಿಂದೆ ನಾಲ್ಕೈದು ಜನ ನುಗ್ಗಿದರು. ಮಾವ ಕೈಯೆತ್ತಿ ನೇರ ನನ್ನ ಕಡೆ ತೋರಿಸಿದರು.

"ಸೊಸೆ ಕಡೇಗೇ ಕೈ ತೋರುಸ್ತಾವ್ನೆ ಕಣ್ರವ್ವ!" ಎಂದಳು ಪಟ್ಟಲಮ್ಮ. "ಏನ್ ಕೊಟ್ಟೆ ನಾಗರತ್ನ? ದಿಟ ಯೋಳು."

ಮಾವ ಹೋಗಿಬಿಟ್ಟರೆ ನಾನೇ ಕೊಂದೆ ಎನ್ನುತ್ತಾರೆ ಊರವರು, ನನ್ನ ಮಕ್ಕಳೂ ಅದನ್ನೇ ಕೇಳಿಕೊಂಡು ಬೆಳೆಯುತ್ತವೆ. ಗುದ್ದುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕೊನೆಗೆ ಉಂಡೆ ಲೋಳೆಯ ಸಮೇತ ನೆಲಕ್ಕೆ ಬಿತ್ತು. ಮಾವ ಉಸಿರೆಳೆದರು. ಮತ್ತೆ ನನ್ನ ಕಡೆಗೇ ಕೈ ಎತ್ತಿದರು.

"ಇವ್ಳು ಕೊಡ್ನಿಲ್ಲ... ನೀರ್ ಕುಡೀರಿ ಅಂತ ಬಡ್ಕಂಡ್ಲು. ನಾನೇ ಕದ್ದು ನುಂಗ್ದೆ."

ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

ಈಗ ಮಾವ ಇಸಬ್ಗೋಲನ್ನು ದೊಡ್ಡ ಲೋಟದ ನೀರಲ್ಲಿ ಕಲಸಿಸಿಕೊಂಡು ನಿಂತ ಕಾಲಲ್ಲೇ ಕುಡಿಯುತ್ತಾರೆ. ಹೊಟ್ಟೆ ಹಗುರವಾಗಿದೆ, ಮೊಗದಲ್ಲಿ ಕಳೆ ಬಂದಿದೆ. ಅದನ್ನು ಕಂಡ ಪಟ್ಟಲಮ್ಮ ಮೊನ್ನೆ ಹಿತ್ತಲ ಬಾಗಿಲಿಗೆ ಬಂದು, ಅತ್ತಿತ್ತ ನೋಡಿ, ಲೋಟ ಚಾಚಿದಳು.

"ನಂಗೂ ಒಸಿ ಕಲಸ್ಕೊಡವ್ವ, ಒಟ್ಟೆ ಕಟ್ಕಂಡದೆ."

"ಮಳವಳ್ಳೀಗೋಗಿ ಡಾಕ್ಟ್ರತ್ರ ಬರುಸ್ಕಂಡು ಬಾ ಪಟ್ಟಲಮ್ಮತ್ತೆ," ಎಂದೆ. "ನನ್ ಕೈಯಿಂದ ಬ್ಯಾಡ."