ಟಾಕಿಯೊಳಗಿನ ನೀರು

ತಿಕೋಟಾದಲ್ಲಿ ಬಣ್ಣದ ಬಸಗೊಂಡಪ್ಪನ ಮನೆ ಯಾವುದು ಎಂದು ಕೇಳಿದರೆ ಬಸ್ ನಿಲ್ದಾಣದಲ್ಲಿ ನಿಂತವರೇ ಕೈಮಾಡಿ ತೋರಿಸುತ್ತಿದ್ದರು. ಹೊನವಾಡದ ಕಡೆ ಹೋಗುವ ರಸ್ತೆಗೆ ಹತ್ತಿಕೊಂಡ ಸಣ್ಣ ಮನೆ. ಹಿತ್ತಲಿನಲ್ಲಿ ತಗಡಿನ ಚಪ್ಪರ, ಚಪ್ಪರದಡಿಯಲ್ಲಿ ಗಾಳಿ ತುಂಬುವ ಹಳೆಯ ಕಂಪ್ರೆಸರ್. ಅದರ ಉದ್ದನೆಯ ಕಬ್ಬಿಣದ ಟಾಕಿ ನಾಲ್ಕು ಕಲ್ಲಿನ ಮೇಲೆ ಅಡ್ಡಡ್ಡ ಮಲಗಿರುತ್ತಿತ್ತು. ಬಟ್ಟೆಬರೆ ಇಡುವ ತುಕ್ಕು ಹಿಡಿದ ತಿಜೋರಿ, ಟ್ರ್ಯಾಕ್ಟರಿನ ಬಾನೆಟ್ಟು, ಔಷಧ ಹೊಡೆಯುವ ಗಾಡಿಯ ಮಡ್‌ಗಾರ್ಡು, ಏನೇ ಬರಲಿ, ಉಜ್ಜಿ ಪುಟ್ಟಿ ತುಂಬಿ ಬಣ್ಣ ಹೊಡೆದನೆಂದರೆ ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಹೆಂಡತಿ ಅಕ್ಕನಾಗಮ್ಮ ಅವನ ಜೊತೆಗೇ ದುಡಿದವಳು. ಪಾಲಿಶ್ ಕಾಗದ ನೀರಲ್ಲಿ ಅದ್ದಿ ಉಜ್ಜುವುದು, ಹಿಡಿಕೆಗಳಿಗೆ ಹಳೆಯ ಪೇಪರು ಸುತ್ತುವುದು, ಬಣ್ಣಕ್ಕೆ ಥಿನ್ನರು ಹದ ಮಾಡಿ ಕಲಸುವುದು ಅವಳ ಕೆಲಸ. ತಿಜೋರಿಗಳ ಹಿಂಬದಿಗೆ, ಯಾರೂ ನೋಡದ ಕಡೆ, ಬಣ್ಣ ಚಿಮ್ಮುವ ಗನ್ ಹಿಡಿದು ಹೊಡೆಯುವುದನ್ನೂ ಗಂಡ ಕಲಿಸಿದ್ದ. ಸಂಜೆಯಾಗುತ್ತಲೇ ಅವಳು ರೊಟ್ಟಿ ಬಡಿಯಲು ಒಳಗೆ ಹೋಗುತ್ತಿದ್ದಳು. ಅವನು ಗನ್ ತೊಳೆದು, ಮಷೀನು ಬಂದ್ ಮಾಡಿ, ಕೈಕಾಲು ತೊಳೆದುಕೊಂಡು ಬರುತ್ತಿದ್ದ. ಹಿತ್ತಲಿನಿಂದ ಬುಸ್ಸೆನ್ನುವ ಸದ್ದು ಕೇಳಿದರೆ ಆ ದಿನದ ಕೆಲಸ ಮುಗಿಯಿತೆಂದು ಅವಳು ತಾಟು ಹಚ್ಚುತ್ತಿದ್ದಳು. ಆ ಸದ್ದು ಏತರದ್ದು ಎಂದು ಅವಳು ಕೇಳಿದ್ದೂ ಇಲ್ಲ, ಅವನು ಹೇಳಿದ್ದೂ ಇಲ್ಲ. ಮಷೀನು ಆರಿಸಿದರೆ ಅದು ಉಸಿರು ಬಿಡುತ್ತದೆ ಎಂದೇ ಅವಳ ತಿಳಿವಳಿಕೆ.

ಮಕ್ಕಳಿಲ್ಲದ ಮನೆ. ಕೆಲಸವೇ ಇಬ್ಬರ ನಡುವಿನ ಮಾತಾಗಿತ್ತು.

ಸಂಕ್ರಮಣ ಕಳೆದ ಮೇಲೆ ಒಂದು ಮುಂಜಾನೆ ಬಸಗೊಂಡಪ್ಪ ಸೈಕಲ್ಲೊಂದಕ್ಕೆ ನೀಲಿ ಬಣ್ಣ ಹೊಡೆಯುತ್ತಿದ್ದವನು ಗನ್ ಕೈಬಿಟ್ಟ. ಎತ್ತಲು ಬಗ್ಗಿದವನು ಏಳಲಿಲ್ಲ. ಅಕ್ಕನಾಗಮ್ಮ ಓಡಿಬಂದು ನೋಡಿದರೆ ಬಾಯಿ ಒಂದು ಕಡೆ ಜಗ್ಗಿತ್ತು. ನೆರೆಯವರು ಜೀಪಿನಲ್ಲಿ ಹಾಕಿಕೊಂಡು ವಿಜಯಪುರದ ದವಾಖಾನೆಗೆ ಒಯ್ದರು. ಲಕ್ವಾ ಹೊಡೆದಿತ್ತು. ಜೀವ ಉಳಿಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಡಾಕ್ಟರು ಹೇಳಿದರು, "ನೀವು ಅನ್ನೋದೆಲ್ಲಾ ಅವರಿಗೆ ತಿಳಿತದ. ಆದ್ರ ಅವರು ಅನ್ನಬೇಕಾದ್ದು ಬಾಯಿಗೆ ಬರೂದಿಲ್ಲ. ಸಿಟ್ಟಿಗೇಳಂಗ ಮಾಡಬ್ಯಾಡ್ರಿ, ಬಿಪಿ ಏರಿದರ ಮತ್ತ ಹೊಡಿತೈತಿ."

ಮನೆಗೆ ಬಂದಾಗ ಹಿತ್ತಲಿನಲ್ಲಿ ಅರ್ಧ ನೀಲಿಯಾದ ಸೈಕಲ್ಲು ಹಾಗೇ ನಿಂತಿತ್ತು. ಅದನ್ನು ಅವಳೇ ಮುಗಿಸಿದಳು. ಮುಗಿಸಿದ ಮೇಲೆ ಇನ್ನೊಂದು ಬಂತು. ಬಸಗೊಂಡಪ್ಪನಿಗೆ ಹಿತ್ತಲ ಕಡೆಯ ಪಡಸಾಲೆಯಲ್ಲಿ ಹೊರಸು ಹಾಕಿ ಮಲಗಿಸಿ, ಅವನಿಗೆ ಉಣಿಸಿ, ಒರೆಸಿ, ಮಗ್ಗುಲು ಬದಲಿಸಿ, ನಡುನಡುವೆ ಹೋಗಿ ಬಣ್ಣ ಹೊಡೆಯುತ್ತಿದ್ದಳು. ಗಂಡನ ಕೈಯ ನುಣುಪು ಅವಳ ಕೈಗೆ ಬರಲಿಲ್ಲ, ಆದರೂ ಜನ ಬಂದರು. ಹೊತ್ತು ಮುಳುಗುವಾಗ ಸ್ವಿಚ್ಚು ಆರಿಸಿದರೆ ಮಷೀನು ಚೂರು ಬುಸ್ಸೆನ್ನುತ್ತಿತ್ತು. ಸರಿಯಾಗಿ ಬಂದ್ ಆಯಿತು ಎಂದುಕೊಂಡು ಒಳಗೆ ಬರುತ್ತಿದ್ದಳು.

ಒಳಗೆ ಬಂದ ಕೂಡಲೇ ಬಸಗೊಂಡಪ್ಪ ಶುರುಮಾಡುತ್ತಿದ್ದ. ಬಹಳ ತಿಣುಕಿದ ಮೇಲೆ ಅವನ ಬಾಯಿಂದ ಒಂದು ಮಾತು ಹೊರಡುತ್ತಿತ್ತು. "ನೀರ."

ಅವಳು ಚರಿಗೆಯಲ್ಲಿ ನೀರು ತಂದು ತುಟಿಗೆ ಹಿಡಿಯುತ್ತಿದ್ದಳು. ಅವನು ಮುಖ ತಿರುವುತ್ತಿದ್ದ. "ನೀರ... ನೀರ" ಎಂದು ಎಡಗೈ ಹಿತ್ತಲ ಕಡೆ ಚಾಚುತ್ತಿದ್ದ. ಹೊರಗೆ ಹೋಗಬೇಕಾಗಿದೆಯೇನೋ ಎಂದು ಅವಳು ಅವನ ತೋಳಿನಡಿ ಹೆಗಲು ಕೊಟ್ಟು ಬಚ್ಚಲಿಗೆ ಎಳೆದೊಯ್ಯುತ್ತಿದ್ದಳು. ಅದೂ ಅಲ್ಲ. ಕಾಲು ತೊಳೆಯಬೇಕೇ? ತಲೆಗೆ ತಣ್ಣೀರು ಹಾಕಬೇಕೇ? ಅದೂ ಅಲ್ಲ. ಕೊನೆಗೆ ಅವನು ಎಡಗೈಯಿಂದ ಚರಿಗೆಯನ್ನು ಬಡಿದು ಕೆಡವುತ್ತಿದ್ದ, ಆಮೇಲೆ ಕೂಸಿನಂತೆ ಅಳುತ್ತಿದ್ದ. ಅವಳು ನೆಲ ಒರೆಸುತ್ತಿದ್ದಳು.

ಒಂದು ಸಂಜೆ ಹಟವೇ ಹಿಡಿದ. ಕುರ್ಚಿಯ ಮೇಲೆ ಕೂರಿಸಿ ಹಿತ್ತಲ ಬಾಗಿಲಿಗೆ ಎಳೆದು ತಂದಳು. ಅವನು ಟಾಕಿಯನ್ನೇ ನೋಡಿದ. ಎಡಗೈ ಅದರ ಕಡೆ ಮಾಡಿ, ಬೆರಳು ಕೆಳಗೆ ಕೆಳಗೆ ತೋರಿಸಿ, ಏನನ್ನೋ ತಿರುವುವವನಂತೆ ಮಣಿಕಟ್ಟು ಹೊರಳಿಸಿದ. ಮತ್ತೆ ಗನ್ ಹಿಡಿಯುವ ಆಸೆ ಇವನಿಗೆ ಎಂದು ಅವಳು ಅಂದುಕೊಂಡಳು. ಅವನ ತಲೆಯನ್ನು ಎದೆಗೆ ಒತ್ತಿಕೊಂಡು, "ಆಗ್ತೈತ್ರಿ, ಕೈ ಬರ್ತೈತಿ, ಮತ್ತ ಮಾಡುವಂತ್ರಿ" ಎಂದು ತಾನೂ ಅತ್ತಳು. ಅವನು ಅವಳ ಹಿಡಿತದಿಂದ ತಲೆ ಬಿಡಿಸಿಕೊಳ್ಳಲು ಒದ್ದಾಡಿದ. ಆ ರಾತ್ರಿ ಬಿಪಿ ಏರಿತು. ಮರುದಿನದಿಂದ ಅವಳು ಆ ಬಾಗಿಲು ಮುಚ್ಚಿಯೇ ಇಟ್ಟಳು.

ಬಸಗೊಂಡಪ್ಪನ ಅಕ್ಕ ಕಾಳವ್ವ ಹೊನವಾಡದಿಂದ ಬಂದು ಎರಡು ದಿನ ಇದ್ದು ನೋಡಿದಳು. "ಕುಡಿಯೂದಿಲ್ಲ, ಸುಮ್ಮನ ನೀರ ನೀರ ಅಂತಾನ. ತಮ್ಮನ ಬುದ್ಧಿ ಹೋಗೇತಿ ಬೇ. ನೀ ಮನಸ್ಸಿಗೆ ಹಚ್ಕೋಬ್ಯಾಡ" ಎಂದಳು. ಅಕ್ಕನಾಗಮ್ಮನಿಗೂ ಅದೇ ಖರೆ ಅನ್ನಿಸತೊಡಗಿತು. ಹಾಗೆ ಅಂದುಕೊಂಡರೆ ಸಂಜೆಗಳನ್ನು ದಾಟುವುದು ಒಂದಿಷ್ಟು ಹಗುರ.

ಮಳೆಗಾಲ ಬಂತು. ಮೋಡ ಕವಿದ ಒಂದು ಸಂಜೆ ಅವಳು ದಣಿದು ಒಳಗೆ ಬಂದಿದ್ದಳು. ಥಿನ್ನರಿನ ಗಾಳಿಗೆ ತಲೆ ಸಿಡಿಯುತ್ತಿತ್ತು. ಅವನು ಹೊರಸಿನ ಪಟ್ಟಿ ಬಡಿಯುತ್ತ "ನೀರ" ಅಂದ. ಅವಳು ತುಂಬಿದ ಕೊಡವನ್ನೇ ಎತ್ತಿ ತಂದು ಹೊರಸಿನ ಪಕ್ಕ ಕುಕ್ಕಿದಳು.

"ತಗೋರಿ! ಎಷ್ಟ ಬೇಕಷ್ಟ ಕುಡೀರಿ! ದಿನಾ ಒಂದ ಸೊಲ್ಲ ಹಿಡದ ನನ್ನ ಜೀವಾ ಯಾಕ ತಿನ್ನಾಕತ್ತೀರಿ? ನಾನೂ ಮನಶಾಳ ಅದೇನಿ!"

ಅವನು ಅವಳನ್ನು ನೋಡಿದ. ಆಮೇಲೆ ಗೋಡೆಯ ಕಡೆ ಮುಖ ಮಾಡಿದ. ಮರುದಿನ ಸಂಜೆ ಅವನು ಏನೂ ಅನ್ನಲಿಲ್ಲ. ಅದರ ಮರುದಿನವೂ ಇಲ್ಲ. ಕಾಟ ತಪ್ಪಿತು ಎಂದು ಅವಳಿಗೆ ಸಮಾಧಾನವಾದದ್ದು ಖರೆ.

ಆ ದಿನಗಳಲ್ಲೇ ಬಬಲೇಶ್ವರದಿಂದ ಮಲಕಾಜಪ್ಪ ಒಂದು ತಿಜೋರಿ ತಂದ. ಅವನ ತೀರಿಹೋದ ಹೆಂಡತಿ ತವರಿನಿಂದ ತಂದದ್ದಂತೆ. ಮಗಳು ರಾಜೇಶ್ವರಿಯ ಲಗ್ನ ಗೊತ್ತಾಗಿತ್ತು. ಹುಡುಗಿ ಹೊಸದು ಬೇಡ, ಅವ್ವನ ತಿಜೋರಿಯೇ ಬೇಕು ಅಂದಿದ್ದಳು. "ಬಸಗೊಂಡಪ್ಪಗ ಹುಷಾರಿಲ್ಲ ಅಂತ ಗೊತ್ತೈತಿ. ನೀವ ಮಾಡ್ರಿ ಯವ್ವಾ. ನಿಮ್ಮ ಮನಿ ಕೆಲಸಾ ಅಂದ್ರ ನಂಬಿಕಿ" ಎಂದು ಹೇಳಿ ಹೋದ.

ಅಕ್ಕನಾಗಮ್ಮ ಅದನ್ನು ತನ್ನ ಮಗಳಿಗೇ ಎಂಬಂತೆ ಮಾಡಿದಳು. ಹಳೆಯ ಬಣ್ಣ ಕಬ್ಬಿಣ ಕಾಣುವವರೆಗೆ ಕೆರೆದಳು. ಒಳಗಿನ ಕನ್ನಡಿಯ ಮೂಲೆಯಲ್ಲಿ ಅಂಟಿದ್ದ ಹಳೆಯ ಕುಂಕುಮದ ಟಿಕಳಿಯನ್ನು ಹಾಗೇ ಬಿಟ್ಟಳು. ತಿಳಿ ಹಸಿರು ಬಣ್ಣ. ಹೊಡೆದಾಗ ಚೆನ್ನಾಗಿಯೇ ಕಂಡಿತು. ಬೆಳಗ್ಗೆ ನೋಡಿದರೆ ಬಾಗಿಲ ತುಂಬ ಸಿಡುಬು ಎದ್ದಂತೆ ಗುಳ್ಳೆ. ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಂಡಿ. ಉಜ್ಜಿ ತೆಗೆದು ಮತ್ತೆ ಹೊಡೆದಳು. ಮತ್ತೆ ಗುಳ್ಳೆ. ಬೇರೆ ಡಬ್ಬಿ, ಬೇರೆ ಥಿನ್ನರು ತರಿಸಿದಳು. ಗನ್ ಬಿಚ್ಚಿ ತೊಳೆದಳು. ಮೂರನೆಯ ಸಲ ಗನ್ನಿನ ಬಾಯಿಂದ ಬಣ್ಣದ ಜೊತೆ ಕಂದು ನೀರಿನ ಹನಿ ಹಾರಿ ಹಸಿರಿನ ಮೇಲೆ ಕೂತಿತು.

ಬಂದೇನವಾಜ ನೆನಪಾದ. ಬಸಗೊಂಡಪ್ಪನ ಹಳೆಯ ಗೆಳೆಯ, ವೆಲ್ಡಿಂಗ್ ಮಾಡುವವನು. ಊರು ಬಿಟ್ಟು ವಿಜಯಪುರದಲ್ಲಿ ಅಂಗಡಿ ಹಾಕಿ ವರ್ಷಗಳೇ ಆಗಿದ್ದವು. ಫೋನು ಮಾಡಿದಳು. ಮರುದಿನವೇ ಬಸ್ಸು ಹಿಡಿದು ಬಂದ. ಮೊದಲು ಗೆಳೆಯನ ಹೊರಸಿನ ಬಳಿ ಕೂತು ಅವನ ಸತ್ತ ಕೈಯನ್ನು ತಿಕ್ಕಿದ. ಆಮೇಲೆ ಹಿತ್ತಲಿಗೆ ಬಂದು ಟಾಕಿಯ ಹೊಟ್ಟೆಗೆ ಬೆರಳಿಂದ ಬಡಿದ. ಮೇಲೆ ಟಣ್ ಅಂದದ್ದು ಕೆಳಗೆ ದಬ್ ಅಂದಿತು.

"ವೈನಿ, ಟಾಕಿದಾಗಿನ ನೀರ ಯಾವಾಗ ಬಿಟ್ಟೀರಿ?"

"ಯಾವ ನೀರಣ್ಣಾ? ಇದು ಗಾಳಿ ಮಷೀನ ಅಲ್ಲಾ?"

"ಗಾಳ್ಯಾಗ ಹಸಿ ಇರ್ತೈತ್ರಿ. ಒತ್ತಿ ತುಂಬಿದಾಗ ಅದ ನೀರಾಗಿ ತಳಕ್ಕ ಕೂಡ್ತೈತಿ. ದಿನಾ ಕೆಲಸಾ ಮುಗದ ಮ್ಯಾಲ ಕೆಳಗಿನ ನಳಾ ತಿರುವಿ ಬಿಡಬೇಕು. ಮಳಿಗಾಲದಾಗಂತೂ ಬಿಡಾಕ ಬೇಕು."

ಅವನು ಗಾಳಿಯನ್ನೆಲ್ಲ ಮೊದಲು ಖಾಲಿ ಮಾಡಿದ. ಆಮೇಲೆ ಟಾಕಿಯ ಕೆಳಗೆ ಅಂಗಾತ ಮಲಗಿ, ಬಣ್ಣದ ಪುಡಿ ಮೆತ್ತಿದ್ದ ಒಂದು ಚಿಕ್ಕ ಹಿತ್ತಾಳೆ ನಳವನ್ನು ಪಕ್ಕಡಿನಿಂದ ತಿರುವಿದ. ಆ ನಳವನ್ನು ಅವಳು ಇಷ್ಟು ವರ್ಷದಲ್ಲಿ ನೋಡಿರಲೇ ಇಲ್ಲ. ಮೊದಲು ಒಂದು ಹನಿ, ಆಮೇಲೆ ಸುರಿಯತೊಡಗಿತು. ತುಕ್ಕಿನ ಕೆಂಪು ನೀರು, ಎಣ್ಣೆಯ ಜಿಡ್ಡು ಬೆರೆತದ್ದು. ಬಕೆಟ್ಟು ತುಂಬಿತು. ಇನ್ನೊಂದು ಇಟ್ಟರು. ನಿಲ್ಲಲೇ ಇಲ್ಲ.

"ಬಸಗೊಂಡಣ್ಣ ಇದನ್ನ ಒಂದ ದಿನಾ ತಪ್ಪಿಸ್ತಿದ್ದಿಲ್ಲ. ನಿಮಗ ಹೇಳಿಲ್ಲೇನ್ರಿ?"

ಮಣಿಕಟ್ಟು ಹೊರಳಿಸುತ್ತಿದ್ದ ಆ ಎಡಗೈ ಅಕ್ಕನಾಗಮ್ಮನ ಕಣ್ಣಿಗೆ ಕಟ್ಟಿತು.

"ಹೇಳ್ಯಾರಣ್ಣಾ" ಅಂದಳು. "ದಿನಾ ಹೇಳ್ಯಾರ."

ಒಳಗೆ ಓಡಿದಳು. ಬಸಗೊಂಡಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ಭುಜ ಹಿಡಿದು ಅಲುಗಾಡಿಸಿದಳು.

"ನನಗ ತಿಳೀಲಿಲ್ರಿ. ನೀವು ಹೇಳಿದ್ದ ಈಗ ತಿಳೀತು. ಟಾಕಿ ನೀರ ಬಿಟ್ಟೇವಿ. ಕೇಳಾಕತ್ತೈತೇನ್ರಿ? ಬಿಟ್ಟೇವಿ. ಇತ್ತಾಗ ನೋಡ್ರಿ. ಒಮ್ಮಿ ಅನ್ರಿ. ನೀರ ಅನ್ರಿ. ನಾ ಸಿಟ್ಟ ಮಾಡೂದಿಲ್ಲ, ಅನ್ರೀ..."

ಅವನ ಕಣ್ಣು ತೆರೆದೇ ಇದ್ದವು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ಸಂತೋಷವೂ ಇರಲಿಲ್ಲ. ತುಟಿ ಅಲುಗಲಿಲ್ಲ. ಬಹಳ ಕರೆದ ಮೇಲೆ ಕಣ್ಣು ಮುಚ್ಚಿಕೊಂಡ. ಆಡುವುದನ್ನೇ ಬಿಟ್ಟ ಮನುಷ್ಯ ಉಳಿದಿದ್ದ ಆ ಒಂದು ಮಾತನ್ನೂ ಮರೆತನೋ, ಇದ್ದೂ ಬೇಡವೆಂದನೋ, ಅವಳಿಗೆ ಇಂದಿಗೂ ತಿಳಿಯದು.

ಹಿತ್ತಲಿನಲ್ಲಿ ಬಂದೇನವಾಜ ಸುತ್ತಿಗೆಯಿಂದ ಟಾಕಿಯ ತಳವನ್ನು ಮೆಲ್ಲಗೆ ಬಡಿದು ನೋಡುತ್ತಿದ್ದ. ಒಂದು ಕಡೆ ಸುತ್ತಿಗೆಯ ತುದಿ ಕಬ್ಬಿಣದೊಳಗೇ ಹೋಯಿತು.

"ತಳಾ ತಿಂದ ಹೋಗೇತಿ. ಇನ್ನೊಮ್ಮೆ ಗಾಳಿ ತುಂಬಿದ್ರ ಸಿಡಿತಿತ್ತು ವೈನಿ. ನಿಮಗ ಗತಿ ಇದ್ದಿದ್ದಿಲ್ಲ."

"ಪಟ್ಟಿ ಹಚ್ಚಾಕ ಬರೂದಿಲ್ಲೇನಣ್ಣಾ?"

"ಗಾಳಿ ಟಾಕಿಗೆ ನಾ ಪಟ್ಟಿ ಹಚ್ಚೂದಿಲ್ರಿ. ಬಸಗೊಂಡಣ್ಣನ ಆಣಿ."

ಒಳಗೆ ಮಲಗಿದವನಿಗೆ ಆ ಮಾತೆಲ್ಲ ಕೇಳಿರಬೇಕು. ಬರೀ ಬಣ್ಣ ಕೆಡುತ್ತದೆಂದು ಅವನು ಅಷ್ಟು ತಿಣುಕಿರಲಿಲ್ಲ, ಅವಳು ದಿನವೂ ಅದರ ಪಕ್ಕ ನಿಲ್ಲುತ್ತಾಳೆಂದು ತಿಣುಕಿದ್ದ. ಅದು ಅವಳಿಗೆ ಹೊಳೆದದ್ದು ಟಾಕಿ ಗುಜರಿ ಗಾಡಿ ಹತ್ತಿದ ಮೇಲೆ. ಅಂದು ಒಲೆ ಹಚ್ಚಲಿಲ್ಲ.

ಮಲಕಾಜಪ್ಪ ಬಂದು ಗುಳ್ಳೆ ಎದ್ದ ತಿಜೋರಿ ನೋಡಿದ. ಬೈಯಲಿಲ್ಲ. ಬಾಗಿಲು ತೆಗೆದು ಒಳಗಿನ ಟಿಕಳಿಯನ್ನು ನೋಡಿ ಕಣ್ಣೊರೆಸಿಕೊಂಡು, "ಇರ್ಲಿ ಬಿಡ್ರಿ ಯವ್ವಾ, ನಮ್ಮ ನಸೀಬ" ಎಂದು ಹಾಗೇ ಟೆಂಪೋಕ್ಕೆ ಏರಿಸಿಕೊಂಡು ಹೋದ. ಬೈದಿದ್ದರೆ ಎಷ್ಟೋ ಚಲೋ ಇತ್ತು ಎಂದು ಅವಳು ಆಮೇಲೆ ಬಂದೇನವಾಜನೆದುರು ಅಂದಳಂತೆ.

ಬಸಗೊಂಡಪ್ಪ ಈಗಲೂ ಇದ್ದಾನೆ. ಬಾಯಿಗೆ ತುತ್ತು ಒಯ್ದರೆ ತಿನ್ನುತ್ತಾನೆ, ಹೊರಳಿಸಿದ ಕಡೆ ಹೊರಳುತ್ತಾನೆ. ಸಂಜೆ ಹೊತ್ತು ಅವಳು ಅವನೆದುರು ಸುಮ್ಮನೆ ಕೂರುತ್ತಾಳೆ. ಅವನು ಏನಾದರೂ ಬೇಡಲಿ, ಏನನ್ನಾದರೂ ಬಡಿದು ಕೆಡವಲಿ ಎಂದು ಕಾಯುತ್ತಾಳೆ. ಅವನು ಏನನ್ನೂ ಬೇಡುವುದಿಲ್ಲ.

ಅಕ್ಕನಾಗಮ್ಮ ಈಗ ಕಳ್ಳಕವಟಗಿ ರಸ್ತೆಯ ಒಣದ್ರಾಕ್ಷಿ ಶೆಡ್ಡಿಗೆ ಹೋಗುತ್ತಾಳೆ. ಅವಳು ಇಲ್ಲದಾಗ ನೆರೆಮನೆಯವರು ಅವನನ್ನು ಇಣುಕಿ ನೋಡುತ್ತಾರೆ. ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತ ತಂತಮ್ಮ ಗಂಡಂದಿರ ಸುದ್ದಿ ಹೇಳಿಕೊಳ್ಳುತ್ತಾರೆ, ಕುಡಿಯುವವರು, ಹೊಡೆಯುವವರು, ಊಟಕ್ಕೆ ಕೊಂಕು ತೆಗೆಯುವವರು.

"ನಿನ್ನ ಗಂಡನೇ ಚಲೋ ನೋಡ ಅಕ್ಕನಾಗವ್ವಾ" ಎಂದು ಒಬ್ಬಳು ಒಂದು ದಿನ ಮರುಗಿಯೇ ಅಂದಳು. "ಬ್ಯಾನಿ ಬಿದ್ರೂ ಸೊಲ್ಲ ತಗಿಯೂದಿಲ್ಲಂತ. ನಿನಗ ಅಷ್ಟರ ತ್ರಾಸ ಇಲ್ಲ."

ಅಕ್ಕನಾಗಮ್ಮ ಮುಂದಿನ ಬುಟ್ಟಿ ಎಳೆದುಕೊಂಡಳು.