ಉಕ್ಕಡದಲ್ಲಿ ಬೆಂದ ಮಡಿಲಕ್ಕಿ

ಉಕ್ಕಡದಯ್ಯನ ಬಲಗೈ ಹೆಬ್ಬೆರಳಿನ ಉಗುರೊಂದೇ ಉದ್ದ. ಭತ್ತದ ಕಾಳನ್ನು ಅದರಿಂದ ಸೀಳಿ, ಕಣ್ಣಿನ ಹತ್ತಿರ ಹಿಡಿದು, "ಇದ್ಯಾವ್ ಕೆರೆ ನೀರು ಕುಡ್ದದ್ದು?" ಎಂದು ಕೇಳುತ್ತಿದ್ದರು. ಕಳ್ಳಸಾಗಣೆ ಹಿಡಿಯುವವರಿಗೆ ಕೆರೆಯ ಸುದ್ದಿ ಯಾಕೋ, ನನಗೆ ಇವತ್ತಿಗೂ ತಿಳಿದಿಲ್ಲ.

ಅದು ಐವತ್ತರ ದಶಕ. ನನ್ನ ತವರು ಚಾಮರಾಜನಗರ, ಮೈಸೂರು ಸೀಮೆ. ಕೊಟ್ಟದ್ದು ತಾಳವಾಡಿ ಕಡೆಗೆ, ಮದರಾಸು ಸೀಮೆ. ಎರಡೂ ಕಡೆ ಅದೇ ಕನ್ನಡ, ಅದೇ ಮಾದಪ್ಪ. ಆದರೂ ಅರಿಸಿನ ಗಡಿ ದಾಟಬಹುದಿತ್ತು, ಅಕ್ಕಿ ದಾಟುವ ಹಾಗಿರಲಿಲ್ಲ. ವರ್ಷಗಟ್ಟಲೆ ನಡೆದ ಆ ನಿಷೇಧವನ್ನು ಕಾಯಲು ಗಡಿಯ ತನಿಖಾ ಚೌಕಿಯಲ್ಲಿ, ನಮ್ಮ ಮಾತಿನ ಉಕ್ಕಡದಲ್ಲಿ, ಈ ಅಯ್ಯ ಒಬ್ಬರೇ ಕೂತಿರುತ್ತಿದ್ದರು.

ಮದುವೆಯಾದ ಮೇಲೆ ಮೊದಲ ಸಲ ತವರಿಂದ ಹೊರಟಾಗ ಅವ್ವ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬಿದ್ದಳು. ಉಕ್ಕಡದಲ್ಲಿ ಅಯ್ಯ ಗಾಡಿ ನಿಲ್ಲಿಸಿದರು.

"ಅಕ್ಕಿ ದಾಟಂಗಿಲ್ಲ ಕಣಮ್ಮಿ. ಸುರ್ದ್ಬುಡು."

"ಮಡ್ಲಕ್ಕಿ ಕಣಯ್ಯ. ಸುರುದ್ರೆ ತವ್ರಿಗೆ ಕೇಡು," ಎಂದು ಅತ್ತೇಬಿಟ್ಟೆ. ಬರಿ ಮಡಿಲಲ್ಲಿ ಹೋದರೆ ಅತ್ತೆ ಹೊಸ್ತಿಲಲ್ಲೇ ಗ್ರಹಚಾರ ಬಿಡಿಸುತ್ತಿದ್ದರು.

ಅವರು ಬೈಯಲಿಲ್ಲ. ಕುತೂಹಲದಿಂದ ಕೇಳಿದರು: "ಅಲ್ಲ, ಇದ್ನ ಅಲ್ಲೋಗಿ ಏನ್ ಮಾಡೀಯೆ?"

"ಪಾಯ್ಸ ಮಾಡಿ ಕೇರಿಗೆಲ್ಲ ಅಂಚ್ತೀನಿ."

"ಅಂಗಂದ್ರೆ ಇಲ್ಲೇ ಬೇಯ್ಸು. ಬೇಯ್ಸಿದ್ನ ತಡಿ ಅಂತ ನಂಗ್ಯಾರೂ ಏಳಿಲ್ಲ."

ಮೂರು ಕಲ್ಲಿನ ಒಲೆ ಹೂಡಿ, ತಮ್ಮ ಪಾತ್ರೆಯನ್ನೇ ಕೊಟ್ಟರು. ಬಿಸಿ ಪಾಯಸ ಗಡಿ ದಾಟಿತು. ಅತ್ತೆ ಮುಖ ಸಿಂಡರಿಸಿದರೂ ಎರಡು ಸಲ ಬಡಿಸಿಕೊಂಡರು. ಅಲ್ಲಿಂದ ಮುಂದೆ ಪ್ರತಿ ಸಲವೂ ಇದೇ ಏರ್ಪಾಡು. ಅವರು ಮಾತ್ರ ಒಂದು ತೊಟ್ಟು ಪಾಯಸವನ್ನೂ ಮುಟ್ಟುತ್ತಿರಲಿಲ್ಲ, ಅದು ಲಂಚವಂತೆ!

ಅವ್ವ ತೀರಿಕೊಂಡ ವರ್ಷ ಅತ್ತಿಗೆ ನನಗೆ ಮಡಿಲು ತುಂಬಲಿಲ್ಲ. ಉಕ್ಕಡದಲ್ಲಿ ಗಾಡಿಯಿಂದ ಬರಿಗೈಯಲ್ಲಿ ಇಳಿದೆ.

"ಎಲ್ಲಮ್ಮಿ ಅಕ್ಕಿ?"

"ಇಲ್ಲ ಕಣಯ್ಯ. ಅವ್ವ ಓಗ್ಬುಟ್ಳು."

ಅಯ್ಯ ಒಳಗೆ ಹೋಗಿ ತಮ್ಮ ಊಟದ ಅಕ್ಕಿಯನ್ನೇ ಒಂದು ಸೇರು ತಂದರು. ಗಂಡಸು ಮಡಿಲು ತುಂಬಬಾರದಲ್ಲ; ಪಕ್ಕದ ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುತ್ತೈದೆಯನ್ನು ಕೂಗಿ ಕರೆದು, ಅವಳ ಕೈಯಿಂದ ನನ್ನ ಸೆರಗಿಗೆ ಹಾಕಿಸಿದರು. ನಾನು ಕಣ್ಣೊರೆಸಿಕೊಂಡು ಗಾಡಿ ಹತ್ತಲು ಹೋದರೆ ಅಡ್ಡ ಬಂದು ನಿಂತರು.

"ಎಲ್ಲಿಗಮ್ಮಿ? ಅಕ್ಕಿ ದಾಟಂಗಿಲ್ಲ. ಒಲೆ ಅಚ್ಚು."

ಆಮೇಲೆ ನಿಷೇಧ ಹೋಯಿತು, ಉಕ್ಕಡ ಕಿತ್ತರು, ಅಯ್ಯನಿಗೆ ಎಲ್ಲಿಗೋ ವರ್ಗವಾಯಿತು. ಅಕ್ಕಿ ಮೂಟೆಗಳು ರಾಜಾರೋಷವಾಗಿ ದಾಟಿದವು, ಎರಡೂ ಸೀಮೆಯವರಿಗೆ ಖುಷಿಯೋ ಖುಷಿ. ನನಗೆ ಮಾತ್ರ ತವರು ಇಲ್ಲವಾಯಿತು.